ಭುಜ ದಾಟಿದ ಹ್ಯಾಂಡಲ್

ಕೇಳುಗರಿಗೆ ನಮಸ್ಕಾರ.

ಎರಡೂ ಕೈ ಮೇಲೆತ್ತಿಕೊಂಡು ಓಡಿಸುವಂಥ ಉದ್ದ ಹ್ಯಾಂಡಲ್‌ನ ಬೈಕ್ ನೋಡಿರುತ್ತೀರಿ. ಅಮೆರಿಕದಲ್ಲಿ ಇವನ್ನು ಏಪ್ ಹ್ಯಾಂಗರ್ ಅಂತಾರೆ. ಗತ್ತೇನೋ ಇದೆ. ಆದರೆ ಪೊಲೀಸರಿಗೆ ದೂರದಿಂದಲೇ ಕಾಣಿಸುತ್ತದೆ.

ಕ್ಯಾಲಿಫೋರ್ನಿಯಾದ ವಾಹನ ಕಾನೂನಿನ 27801ನೇ ಕಲಂ ಇದಕ್ಕೊಂದು ಮಿತಿ ಹಾಕಿದೆ. ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿದಾಗ, ಕೈಗಳು ಭುಜಕ್ಕಿಂತ 6 ಇಂಚಿನಷ್ಟು ಮೇಲಿರಬಹುದು, ಅದಕ್ಕಿಂತ ಜಾಸ್ತಿ ಇರುವಂತಿಲ್ಲ. ಅಂದರೆ ಲೆಕ್ಕ ಬೈಕಿನ ಅಳತೆಯದಲ್ಲ, ಕೂತವರ ಮೈಕಟ್ಟಿನದು! ಆರಡಿ ಅಣ್ಣ ಓಡಿಸಿದರೆ ತಕರಾರಿಲ್ಲ. ಅದೇ ಬೈಕನ್ನು ಐದಡಿಯ ತಮ್ಮ ತೆಗೆದುಕೊಂಡು ಹೋದರೆ ಟಿಕೆಟ್ ಬೀಳಬಹುದು. ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ಇದನ್ನು ಮರೆಯಲೇಬಾರದು.

ಇನ್ನೊಂದು ತಮಾಷೆ ಕೇಳಿ. ಕೂತಾಗ ಕಾಲು ನೆಲಕ್ಕೆ ಎಟುಕಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಕಾಲು ಎಟುಕಲಿ ಅಂತ ಸೀಟು ತಗ್ಗಿಸಿದಿರೋ, ಭುಜವೂ ಕೆಳಗಿಳಿಯಿತು. ಹ್ಯಾಂಡಲ್ ಮಾತ್ರ ಇದ್ದಲ್ಲೇ ಇದೆ. ಒಂದು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಸಿಕ್ಕಿಬಿದ್ದಂತಾಯಿತು, ಅಲ್ವಾ? ಹಾಗಾಗಿ ಅಳೆಯುವಾಗ ಸುಮ್ನೆ ಪಕ್ಕದಲ್ಲಿ ನಿಂತು ಅಂದಾಜು ಮಾಡಬೇಡಿ. ಸೀಟಿನ ಮೇಲೆ ಪೂರ್ತಿ ಭಾರ ಬಿಟ್ಟು ಕೂತು, ಬೇರೆಯವರ ಕೈಗೆ ಟೇಪು ಕೊಡಿ. ಸ್ಪಂಜು ತಗ್ಗುವ ಒಂದಿಂಚೂ ಲೆಕ್ಕಕ್ಕೆ ಬರುತ್ತದೆ.

ಸಿಕ್ಕಿಬಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ಇಂಥ ಬಿಡಿಭಾಗದ ತಪ್ಪುಗಳಿಗೆ ಸಾಮಾನ್ಯವಾಗಿ ‘ಸರಿಪಡಿಸಿ ತೋರಿಸಿ’ ಅನ್ನುವ ಟಿಕೆಟ್ ಕೊಡುತ್ತಾರೆ. ರಿಪೇರಿ ಮಾಡಿಸಿ, ಸಹಿ ಹಾಕಿಸಿ, ಒಂದಿಷ್ಟು ಶುಲ್ಕ ಕಟ್ಟಿದರೆ ಮುಗಿಯಿತು. ಫ್ಲಾರಿಡಾದಲ್ಲಿ ಆ 6 ಇಂಚಿನ ರಿಯಾಯಿತಿಯೂ ಇಲ್ಲ. ಹಿಡಿ ಭುಜದ ಮಟ್ಟ ದಾಟುವಂತಿಲ್ಲ.

ನಮ್ಮಲ್ಲಿ ಭುಜದ ಲೆಕ್ಕವೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ದಂಡ ಬಿಡಿ, ಹ್ಯಾಂಡಲ್ ಎತ್ತರಿಸಿದರೆ ಕ್ಲಚ್ ಕೇಬಲ್, ಬ್ರೇಕ್ ಪೈಪು, ವೈರು ಎಲ್ಲವೂ ಉದ್ದವಾಗಬೇಕು. ಹಳೆಯದನ್ನೇ ಎಳೆದು ಕಟ್ಟಿದರೆ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೇಬಲ್ ಬಿಗಿಯುತ್ತದೆ, ಕ್ಲಚ್ ತಾನಾಗಿಯೇ ಎಳೆದುಕೊಳ್ಳುತ್ತದೆ. ಗ್ಯಾರೇಜಿನಿಂದ ಹೊರಡುವ ಮುಂಚೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕೊನೆಯವರೆಗೆ ತಿರುಗಿಸಿ ನೋಡಿ.

ನಮಸ್ಕಾರ.