ಹಾನ್ ಕಾಲದ ಜೇಡ್ ಜೀರುಂಡೆ: ಗೆರೆ, ರಂಧ್ರ, ತೂಕ

ತೆರೆಯ ಮೇಲಿರುವ, ಜೇಡ್ ಎಂಬ ಗಟ್ಟಿ ಅಲಂಕಾರದ ಕಲ್ಲಿನಲ್ಲಿ ಕೆತ್ತಿದ ಈ ಪುಟ್ಟ ಜೀರುಂಡೆಯನ್ನು ನೋಡಿ. ಚೀನಾದ ಹಾನ್ ರಾಜವಂಶದ ಶೈಲಿ ಇದು; ಕ್ರಿ.ಪೂ. 206ರಿಂದ ಕ್ರಿ.ಶ. 220ರವರೆಗಿನ ಕಾಲ. ಸತ್ತವರ ನಾಲಿಗೆಯ ಮೇಲೆ ಇಂಥದ್ದನ್ನು ಇಡುತ್ತಿದ್ದರು, ಕೈಯಲ್ಲಿ ಜೇಡ್ ಹಂದಿಯನ್ನೂ ಹಿಡಿಸುತ್ತಿದ್ದರು. ವರ್ಷಗಟ್ಟಲೆ ನೆಲದೊಳಗಿದ್ದು, ಮೇಲೆದ್ದು, ಪೊರೆ ಕಳಚಿ ಹಾರುವ ಹುಳು ಜೀರುಂಡೆ. ಮರುಹುಟ್ಟಿನ ಆಸೆಗೆ ಇದಕ್ಕಿಂತ ಒಪ್ಪುವ ಜೀವಿ ಯಾವುದಿದೆ?

ಉಬ್ಬಿದ ಎರಡು ಕಣ್ಣು, ಮಡಚಿದ ರೆಕ್ಕೆ, ಹೊಟ್ಟೆಗೆ ನಾಲ್ಕಾರು ಅಡ್ಡಗೆರೆ. ಅಷ್ಟರಲ್ಲೇ ಹುಳು ಪೂರ್ತಿ ಮೂಡಿದೆ. ಈ ಮಿತವ್ಯಯದಲ್ಲಿ ಕಲ್ಲಿನ ಪಾಲೂ ಇದೆ. ಇದು ಜೇಡ್‌ನ ನೆಫ್ರೈಟ್ ಎಂಬ ಬಗೆ; ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾನದಲ್ಲಿ ಅದರ ಗಡಸುತನ 6ರಿಂದ 6.5. ಅದರೊಳಗಿನ ಸೂಕ್ಷ್ಮ ಎಳೆಗಳು ಕಂಬಳಿಯಂತೆ ಹೆಣೆದುಕೊಂಡಿರುವುದರಿಂದ ಉಳಿಯ ಏಟಿಗೆ ಬೇಕಾದಂತೆ ಚಕ್ಕೆ ಏಳುವುದಿಲ್ಲ. ಹಾಗಾಗಿ ಗಡಸುತನ 7 ಇರುವ ಸ್ಫಟಿಕದ ಮರಳನ್ನು ನೀರಿನಲ್ಲಿ ಕಲಸಿ, ತಿರುಗುವ ಚಕ್ರದ ಅಂಚಿಗೆ ಕೊಟ್ಟು ಸವೆಸುತ್ತಿದ್ದರು. ಕಲ್ಲನ್ನು ತಿನ್ನುವುದು ಮರಳು, ಚಕ್ರ ಅದನ್ನು ಒತ್ತಿಹಿಡಿಯುತ್ತದೆ. ನೀರು ಆರಿದರೆ ಮರಳು ಗೆರೆಯೊಳಗೆ ಇಳಿಯುವುದಿಲ್ಲ, ಸವೆಯುವುದು ಚಕ್ರವೇ. ಒರಟು ಗೀರುಗಳನ್ನು ನುಣ್ಣನೆಯ ಪುಡಿಯಿಂದ ತೆಗೆಯದೆ ಹೊಳಪಿಗೆ ಕೈಹಾಕಿದರೆ ಆ ಗೀರುಗಳೂ ಮಿನುಗತೊಡಗುತ್ತವೆ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ. ಚಕ್ರದ ಗೆರೆ ನಡುವೆ ಆಳ, ಎರಡೂ ತುದಿಗೆ ತೆಳು. ಬಾಗಿದ ಗೆರೆಯೆಂದರೆ ಇಂಥ ಗಿಡ್ಡ ಗೆರೆಗಳ ಸಾಲು. ರಂಧ್ರವಿದ್ದರೆ ಅದು ನಡುವೆ ಕಿರಿದಾಗಿರುವುದು ಸಾಮಾನ್ಯ, ಏಕೆಂದರೆ ಎರಡೂ ಕಡೆಯಿಂದ ಕೊರೆಯುತ್ತಿದ್ದರು. ಒಂದೇ ಕಡೆಯಿಂದ ಕೊರೆದರೆ ಆಚೆ ಬಾಯಿಯಲ್ಲಿ ಕಲ್ಲು ಸಿಡಿಯುತ್ತದೆ. ನಾಲಿಗೆಯ ಜೀರುಂಡೆಗೆ ಸಾಮಾನ್ಯವಾಗಿ ರಂಧ್ರವೇ ಇರದು. ಕೊರೆದದ್ದು ಕಂಡರೆ ತೊಡುವ ಆಭರಣವಿರಬಹುದು.

ಮಾರುಕಟ್ಟೆಯಲ್ಲಿ ಜೇಡ್‌ನಂತೆ ಕಾಣುವ, ಅದಕ್ಕಿಂತ ಮೆದುವಾದ ಸರ್ಪೆಂಟೈನ್ ಕಲ್ಲನ್ನೂ ಜೇಡ್ ಎಂದೇ ಮಾರುತ್ತಾರೆ. ಚಾಕುವಿನಿಂದ ಗೀಚಿ ನೋಡಬೇಡಿ, ಹಳೆಯ ವಸ್ತುವಾಗಿದ್ದರೆ ಕೆಟ್ಟೇ ಹೋಗುತ್ತದೆ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮೊದಲು ಕಲ್ಲನ್ನು ತೂಗಿ. ಆಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಿಂದ ಪೂರ್ತಿ ಮುಳುಗಿಸಿ. ತಳಕ್ಕೂ ಬದಿಗೂ ತಾಗಬಾರದು. ಆಗ ಕಾಣುವ ಅಂಕಿ ಕಲ್ಲು ಸರಿಸಿದ ನೀರಿನ ತೂಕ. 30 ಗ್ರಾಂ ನೆಫ್ರೈಟ್‌ಗೆ ತಕ್ಕಡಿ ಸುಮಾರು 10 ಗ್ರಾಂ ತೋರಿಸುತ್ತದೆ, ಸರ್ಪೆಂಟೈನ್‌ಗೆ ಸುಮಾರು 11.5, ಜೇಡ್‌ನ ಇನ್ನೊಂದು ಬಗೆಯಾದ ಬರ್ಮಾದ ಜೇಡೈಟ್‌ಗೆ ಸುಮಾರು 9. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಅಂಕಿ ಏರುತ್ತದೆ, ನೆಫ್ರೈಟ್ ಕೂಡ ಸರ್ಪೆಂಟೈನ್‌ನಂತೆ ಕಾಣುತ್ತದೆ; ಬೆರಳಿಂದ ಒರೆಸಿ ಮತ್ತೆ ಮುಳುಗಿಸಿ. ಈ ಲೆಕ್ಕದಿಂದ ಕಲ್ಲು ಯಾವುದೆಂದು ಅಂದಾಜು ಸಿಗುತ್ತದೆ, ವಯಸ್ಸು ಸಿಗದು. ವಯಸ್ಸಿನ ಅನುಮಾನವಿದ್ದರೆ ಮತ್ತೆ ಭೂತಗನ್ನಡಿ ಹಿಡಿದು ಆ ಗೆರೆಗಳ ತುದಿಗಳನ್ನೇ ನೋಡಬೇಕು.