ಮಕುಲೆಕೆ ಜನರ ನೆಲ ಮತ್ತು ಪರಿಸರ ಪ್ರವಾಸೋದ್ಯಮ

ಮಾನ್ಯ ಕೇಳುಗರಿಗೆ ನಮಸ್ಕಾರ.

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಉತ್ತರ ತುದಿಯಲ್ಲಿ, ಲಿಂಪೊಪೊ ಮತ್ತು ಲುವುವ್ಹು ನದಿಗಳು ಕೂಡುವಲ್ಲಿ, ಸುಮಾರು 24,000 ಹೆಕ್ಟೇರ್ ವಿಸ್ತಾರದ ಒಂದು ಭಾಗವಿದೆ. ನಕಾಶೆಯಲ್ಲಿ ಅದು ಉದ್ಯಾನದೊಳಗೇ ಇದೆಯಾದರೂ ಅದರ ಒಡೆತನ ಸರ್ಕಾರದ್ದಲ್ಲ, ತ್ಸೊಂಗಾ ಭಾಷೆಯನ್ನಾಡುವ ಮಕುಲೆಕೆ ಸಮುದಾಯದ್ದು. ಪರಿಸರ ಪ್ರವಾಸೋದ್ಯಮದಿಂದ ಹಳ್ಳಿಗಳು ಉದ್ಧಾರವಾಗುತ್ತವೆ ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಆ ಮಾತು ಯಾವ ಷರತ್ತುಗಳ ಮೇಲೆ ನಿಜವಾಗುತ್ತದೆ ಎಂಬುದನ್ನು ತಿಳಿಯಲು ಈ ಸಮುದಾಯದ ಅನುಭವ ತಕ್ಕ ನಿದರ್ಶನವಾಗಿದೆ.

1969ರಲ್ಲಿ ವರ್ಣಭೇದ ಸರ್ಕಾರವು ಈ ಜನರನ್ನು ಬಂದೂಕು ತೋರಿಸಿ ಒಕ್ಕಲೆಬ್ಬಿಸಿತು. ತಮ್ಮ ಗುಡಿಸಲುಗಳಿಗೆ ತಾವೇ ಬೆಂಕಿ ಇಡಬೇಕಾಯಿತೆಂಬುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ನೆಲ ಉದ್ಯಾನಕ್ಕೆ ಸೇರಿತು. ಜನರು ದಕ್ಷಿಣದ ಎನ್ಟ್ಲವೇನಿ ಎಂಬಲ್ಲಿಗೆ ಸಾಗಿಸಲ್ಪಟ್ಟರು. ಅಲ್ಲಿ ಅವರ ಹೊಸಿಯನ್ನು, ಎಂದರೆ ವಂಶಪಾರಂಪರ್ಯವಾಗಿ ಬಂದ ಮುಖಂಡನನ್ನು, ನೆರೆಯ ಮ್ಹಿಂಗಾ ಮುಖಂಡನ ಕೈಕೆಳಗೆ ಇರಿಸಲಾಯಿತು. ಹೀಗೆ ನೆಲದ ಜೊತೆಗೆ ತಮ್ಮದೇ ಮುಖಂಡತ್ವದ ಸ್ವಾತಂತ್ರ್ಯವನ್ನೂ ಅವರು ಕಳೆದುಕೊಂಡರು. ಮುಂದಿನ ಹೋರಾಟದಲ್ಲಿ ಈ ಎರಡು ನಷ್ಟಗಳು ಒಂದಕ್ಕೊಂದು ಹೆಣೆದುಕೊಂಡೇ ಇದ್ದವೆಂಬುದನ್ನು ಗಮನಿಸಬೇಕು.

1994ರಲ್ಲಿ ಪ್ರಜಾಪ್ರಭುತ್ವ ಬಂದ ಮೇಲೆ ಭೂಹಕ್ಕು ಮರುಸ್ಥಾಪನೆಯ ಕಾಯ್ದೆ ಜಾರಿಗೊಂಡಿತು. ಅದರಡಿ ಮಕುಲೆಕೆಯವರು ಹಕ್ಕು ಮಂಡಿಸಿ, ದೀರ್ಘ ಮಾತುಕತೆಯ ಬಳಿಕ 1998ರಲ್ಲಿ ತಮ್ಮ ನೆಲವನ್ನು ಮರಳಿ ಪಡೆದರು. ಆದರೆ ಅವರು ಅಲ್ಲಿಗೆ ವಾಸಕ್ಕೆ ಹಿಂದಿರುಗಲಿಲ್ಲ. ಬೇಸಾಯ, ವಸತಿ ಮತ್ತು ಗಣಿಗಾರಿಕೆಗೆ ಅವಕಾಶವಿಲ್ಲದಂತೆ ಆ ನೆಲವನ್ನು ವನ್ಯಜೀವಿಗಳಿಗೇ ಬಿಟ್ಟು, 50 ವರ್ಷಗಳ ಅವಧಿಗೆ ರಾಷ್ಟ್ರೀಯ ಉದ್ಯಾನಗಳ ಪ್ರಾಧಿಕಾರದೊಂದಿಗೆ ಜಂಟಿಯಾಗಿ ನಿರ್ವಹಿಸಲು, ಪ್ರವಾಸೋದ್ಯಮದ ಹಕ್ಕನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಳ್ಳಲು ಒಪ್ಪಿದರು. ಇದನ್ನು ಕೇವಲ ತ್ಯಾಗವೆಂದು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಜನರು ಲೆಕ್ಕಾಚಾರ ಮಾಡಿಯೇ ಈ ಒಪ್ಪಂದಕ್ಕೆ ಸಹಿ ಹಾಕಿದ್ದರು.

ನೆಲದ ಒಡೆತನ ಹೊಸಿಯ ಹೆಸರಿಗೆ ಬರಲಿಲ್ಲ. 1996ರ ಕಾಯ್ದೆಯೊಂದರ ಅಡಿಯಲ್ಲಿ ರಚನೆಯಾದ ಸಾಮುದಾಯಿಕ ಆಸ್ತಿ ಸಂಘಕ್ಕೆ ಅದು ಬಂದಿತು. ಸಂಘದ ಕಾರ್ಯಕಾರಿ ಸಮಿತಿಯನ್ನು ಜನರು ಚುನಾಯಿಸುತ್ತಾರೆ. ಹೊಸಿಗೆ ಅದರಲ್ಲಿ ಪದನಿಮಿತ್ತ ಸ್ಥಾನವಿದೆ. ದಕ್ಷಿಣ ಆಫ್ರಿಕಾದ ಸಂವಿಧಾನವು ಪಾರಂಪರಿಕ ಮುಖಂಡತ್ವವನ್ನು ಮಾನ್ಯ ಮಾಡುತ್ತದೆಯಾದರೂ, ಸಾಮುದಾಯಿಕ ನೆಲದ ಮೇಲೆ ಕಡೆಯ ಮಾತು ಮುಖಂಡನದೋ ಚುನಾಯಿತ ಸಂಘದ್ದೋ ಎಂಬ ಜಗಳ ಆ ದೇಶದ ಅನೇಕ ಕಡೆ ಇನ್ನೂ ಮುಗಿದಿಲ್ಲ. ಮಕುಲೆಕೆಯಲ್ಲಿ ಇವೆರಡನ್ನೂ ಒಂದೇ ಮೇಜಿನ ಸುತ್ತ ಕೂರಿಸಲಾಯಿತು. ಚದುರಿದ ಜನರನ್ನು ಒಂದು ಹೆಸರಿನಡಿ ಹಿಡಿದಿಟ್ಟದ್ದು, ಹಳೆಯ ಗೋರಿಗಳೂ ಮನೆಯ ನೆಲೆಗಳೂ ಎಲ್ಲಿದ್ದವೆಂಬ ನೆನಪನ್ನು ಕಾಪಾಡಿದ್ದು ಹೊಸಿಯ ಮನೆತನ ಮತ್ತು ಅದರ ಸುತ್ತಲಿನ ಹಿರಿಯರು. ಬಂದ ಹಣಕ್ಕೆ ಲೆಕ್ಕ ಕೇಳುವ ಅಧಿಕಾರವನ್ನು ಜನರಿಗೆ ಕೊಟ್ಟದ್ದು ಸಂಘ. ನನ್ನ ಅಭಿಪ್ರಾಯದಲ್ಲಿ ಮೊದಲನೆಯದು ಮಾತ್ರ ಇದ್ದಿದ್ದರೆ ಆದಾಯ ಅರಮನೆಯ ಅಂಗಳದಲ್ಲೇ ನಿಲ್ಲುವ ಅಪಾಯವಿತ್ತು. ಎರಡನೆಯದು ಮಾತ್ರ ಇದ್ದಿದ್ದರೆ ಹಕ್ಕು ಮಂಡಿಸಲು ಒಗ್ಗಟ್ಟಾದ ಒಂದು ಸಮುದಾಯವೇ ಉಳಿದಿರುತ್ತಿತ್ತೋ ಇಲ್ಲವೋ.

ಈ ಒಡೆತನಕ್ಕೆ ಮೊದಲ ಪರೀಕ್ಷೆ ಬೇಗನೆ ಬಂದಿತು. ಲಾಡ್ಜುಗಳು ಕಟ್ಟಲ್ಪಡುವ ಮುನ್ನ ಆದಾಯ ಬೇಕೆಂದು ಸಮುದಾಯವು ಆನೆ ಮತ್ತು ಕಾಡೆಮ್ಮೆಗಳ ಸೀಮಿತ ಬೇಟೆಗೆ ಹಣ ಪಡೆದು ಪರವಾನಗಿ ನೀಡಿತು. ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯೆಂದರೆ ಆಕ್ಷೇಪ ಏಳದಿರುತ್ತದೆಯೇ? ಆದರೆ ಆ ಹಣದಿಂದ ಶಾಲೆ ಮತ್ತು ವಿದ್ಯುತ್ತಿನ ಕೆಲಸಗಳು ನಡೆದವು. ಮುಂದೆ ಖಾಸಗಿ ಸಂಸ್ಥೆಗಳೊಂದಿಗೆ ಲಾಡ್ಜುಗಳ ಒಪ್ಪಂದವಾದಾಗ ಬೇಟೆಯನ್ನು ಕೈಬಿಡಲಾಯಿತು. ಬೇಟೆಯನ್ನು ನಾನು ಸಮರ್ಥಿಸುತ್ತಿಲ್ಲ. ಇತರರಿಗೆ ಹಿಡಿಸದ ತೀರ್ಮಾನವನ್ನೂ ಕೈಗೊಳ್ಳಬಲ್ಲವರು ಮಾತ್ರ ನಿಜವಾದ ಒಡೆಯರೆಂದಷ್ಟೇ ಹೇಳುತ್ತಿದ್ದೇನೆ. 2007ರಲ್ಲಿ ಇಲ್ಲಿನ ಜೌಗು ಪ್ರದೇಶವು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ‘ಜ್ವರದ ಮರ’ವೆಂದು ಕರೆಯಲಾಗುವ ಹಳದಿ ತೊಗಟೆಯ ಮರಗಳ ಕಾಡು, ಬಾವೊಬಾಬ್ ಮರಗಳು, ಮೀನು ಹಿಡಿಯುವ ಅಪರೂಪದ ಗೂಬೆ, ಇವೆಲ್ಲವೂ ಪ್ರವಾಸಿಗರನ್ನು ಅಲ್ಲಿಗೆ ಸೆಳೆಯುತ್ತವೆ.

ನಮ್ಮ ನಾಡಿನೊಂದಿಗೆ ಹೋಲಿಸುವಾಗ ಎಚ್ಚರ ಬೇಕು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಹಕ್ಕುಗಳು ದೊರೆತದ್ದು ದೊಡ್ಡ ಸಂಗತಿಯೇ. ಆದರೆ ಅವು ಕಿರು ಅರಣ್ಯ ಉತ್ಪನ್ನಗಳ ಬಳಕೆ ಮತ್ತು ಸಂರಕ್ಷಣೆಗೆ ಸಂಬಂಧಿಸಿದ ಹಕ್ಕುಗಳು. ಕಾಡಿನ ನೆಲ ಸರ್ಕಾರದ ಹೆಸರಿನಲ್ಲೇ ಇದೆ. ಹೀಗಾಗಿ ಪ್ರವಾಸಿಗರಿಂದ ಬರುವ ಆದಾಯದ ಬಗ್ಗೆ ಸೋಲಿಗರು ಚೌಕಾಸಿ ಮಾಡುವ ಬಲವೂ ಮಕುಲೆಕೆಯವರ ಬಲವೂ ಒಂದೇ ಅಲ್ಲ.

ಹಾಗೆಂದು ಮಕುಲೆಕೆಯಲ್ಲಿ ಎಲ್ಲವೂ ಸುಗಮವಾಗಿ ನಡೆದಿದೆಯೆಂದು ಹೇಳಲಾಗದು. 2013ರ ಜನವರಿಯ ಪ್ರವಾಹದಲ್ಲಿ ಲುವುವ್ಹು ನದಿಯ ದಂಡೆಯ ಪಫುರಿ ಎಂಬ ಪ್ರವಾಸಿ ಶಿಬಿರ ನಾಶವಾಯಿತು. 2020ರಲ್ಲಿ ಕೊರೋನಾ ಬಂದಾಗ ವಿದೇಶಿ ಪ್ರವಾಸಿಗರು ಬರುವುದು ನಿಂತೇಹೋಯಿತು. ಲಾಡ್ಜುಗಳು ನೀಡುವ ಉದ್ಯೋಗಗಳು ಸಮುದಾಯದ ಮೂರು ಊರುಗಳ ಜನಸಂಖ್ಯೆಗೆ ಸಾಲುವುದಿಲ್ಲ. ಯುವಕರು ಕೆಲಸ ಹುಡುಕಿಕೊಂಡು ಜೊಹಾನ್ಸ್‌ಬರ್ಗಿನತ್ತ ಹೋಗುತ್ತಲೇ ಇದ್ದಾರೆ. ನದಿಯ ದಂಡೆಯ ಲಾಡ್ಜಿನಲ್ಲಿ ಇಳಿದುಕೊಂಡ ಅತಿಥಿ, ಆ ನೆಲದ ಒಡೆಯರು ವಾಸಿಸುವ ಊರನ್ನು ನೋಡದೆಯೇ ಹಿಂದಿರುಗಬಹುದು. ಊರಿನಲ್ಲೇ ಸಮುದಾಯವು ಒಂದು ಸಾಂಸ್ಕೃತಿಕ ಕೇಂದ್ರವನ್ನೂ ಸಣ್ಣ ವಸತಿಗೃಹವನ್ನೂ ಕಟ್ಟಿಕೊಂಡಿದೆ. ಒಪ್ಪಂದದ ಉಳಿದ ವರ್ಷಗಳಲ್ಲಿ ಪ್ರವಾಸಿಗರನ್ನು ಅಲ್ಲಿಯವರೆಗೆ ಕರೆತರುವ ಕೆಲಸವು ಹೊಸಿಗೂ ಸಂಘಕ್ಕೂ ಬಾಕಿಯಿದೆ.

ನಮಸ್ಕಾರ.