ಪತ್ರದ ಬೆನ್ನ ಮೇಲಿನ ಸಾಲುಗಳು

ಕೇಳುಗರಿಗೆ ನಮಸ್ಕಾರ.

ನಮ್ಮ ಭಾವ ದುಬೈಯಲ್ಲಿದ್ದಾರೆ. ಎರಡು ವರ್ಷದ ಕೆಳಗೆ, ಆಲೆಮನೆ ದಿನಗಳಲ್ಲಿ, ನನಗೊಂದು ಇ-ಮೇಲ್ ಬರೆದರು: "ಈ ಸಲ ರಜೆ ಸಿಗಲಿಲ್ಲ ಮಾರಾಯ, ನಿನ್ನ ಅಕ್ಕನಿಗೆ ನೀನೇ ಸಮಾಧಾನ ಹೇಳು."

ನನಗೊಂದು ಚಟ ಇದೆ. ಪತ್ರ ಓದಿದ ಮೇಲೆ ಅದರ ಬೆನ್ನು ತಿರುಗಿಸಿ ನೋಡುವುದು. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಅಂದರೆ, ಪತ್ರಕ್ಕಿಂತ ಉದ್ದದ ಒಂದು ಹೆಡರ್, ಅಂದರೆ ಪತ್ರ ಎಲ್ಲಿಂದ ಹೇಗೆ ಬಂತೆಂಬ ವಿವರಗಳ ಪಟ್ಟಿ, ತೆರೆದುಕೊಳ್ಳುತ್ತದೆ. ದುಬೈ ಗಡಿಯಾರ ಗ್ರೀನಿಚ್‌ಗಿಂತ ನಾಲ್ಕು ತಾಸು ಮುಂದೆ. ಅಲ್ಲಿಂದ ಬರೆದ ಪತ್ರದ ದಿನಾಂಕದ ಕೊನೆಯಲ್ಲಿ +0400 ಇರುತ್ತದೆ. ಭಾವನ ಪತ್ರದಲ್ಲಿ +0530 ಇತ್ತು. ಅದು ನಮ್ಮ ಗಡಿಯಾರ! ಆಸಾಮಿ ಆಗಲೇ ಗೋವಾದಲ್ಲಿ ಇಳಿದು, ಕಾರವಾರದಲ್ಲಿ ತಿಂಡಿಗೆ ಕೂತು, ಫೋನಿನಿಂದ ಬರೆದಿದ್ದರು. ಸಂಜೆ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ಅಕ್ಕ ಅಕ್ಕಿ, ಕಬ್ಬಿನ ಹಾಲಿನ ತೊಡದೇವು ಮಾಡಿ ಮುಗಿಸಿದ್ದಳು. ಬಾಗಿಲಲ್ಲಿ ಭಾವನ ಮೋರೆ ನೋಡಬೇಕಿತ್ತು.

ಈ ಹೆಡರನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ದಾರಿಯಲ್ಲಿ ಸಿಗುವ ಪ್ರತಿಯೊಂದು ಸರ್ವರೂ 'ರಿಸೀವ್ಡ್' ಅಂತ ತನ್ನದೊಂದು ಸಾಲನ್ನು ಮೇಲ್ಗಡೆ ಅಂಟಿಸುತ್ತದೆ, ಹಿಂದೆ ಇನ್‌ಲ್ಯಾಂಡ್ ಪತ್ರದ ಮೇಲೆ ಊರೂರಿನ ಅಂಚೆ ಠಸ್ಸೆ ಬೀಳುತ್ತಿದ್ದ ಹಾಗೆ. ಪತ್ರ ತಡವಾದರೆ ಎಲ್ಲಿ ತಡವಾಯಿತು, ಬ್ಯಾಂಕಿನ ಹೆಸರಿನಲ್ಲಿ ಬಂದದ್ದು ನಿಜವಾಗಿ ಎಲ್ಲಿಂದ ಬಂತು ಎಂದು ತಿಳಿಯುವುದು ಇದರಿಂದಲೇ. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರುವುದು ಇನ್ನೊಂದು ಸಾಲಿನ ಮೇಲೆ. 'ಎಕ್ಸ್-ಮೇಲರ್' ಅಥವಾ 'ಯೂಸರ್-ಏಜೆಂಟ್' ಎಂದು ಅದರ ಹೆಸರು. ಪತ್ರ ಬರೆದದ್ದು ಯಾವ ತಂತ್ರಾಂಶದಲ್ಲಿ, ಅದರ ಎಷ್ಟನೆಯ ಆವೃತ್ತಿಯಲ್ಲಿ, ಕೆಲವು ಸಲ ಯಾವ ಕಾರ್ಯವ್ಯವಸ್ಥೆಯ ಮೇಲೆ ಎಂಬುದೆಲ್ಲ ಅಲ್ಲಿರುತ್ತದೆ. ಭಾವನ ಪತ್ರದಲ್ಲಿ ಐಫೋನ್ ಮೇಲ್ ಎಂದೂ, ಪಕ್ಕದಲ್ಲಿ ಫೋನಿನ ತಂತ್ರಾಂಶದ ಬಿಲ್ಡ್ ಸಂಖ್ಯೆಯೂ ಇತ್ತು. ಅಂಚೆಯವನಿಗೆ ವಿಳಾಸ ಬೇಕು, ಸರಿ. ನಾನು ಯಾವ ಪೆನ್ನಿನಲ್ಲಿ ಬರೆದೆ ಎನ್ನುವುದು ಯಾರಿಗೆ ಬೇಕು?

ಒಂದು ಕಾಲಕ್ಕೆ ಬೇಕಾಗಿತ್ತು ಅನ್ನಿ. ಇ-ಮೇಲ್‌ನ ಸ್ವರೂಪವನ್ನು ವಿವರಿಸಿದ 1982ರ ಆರ್‌ಎಫ್‌ಸಿ 822 ಎಂಬ ದಸ್ತಾವೇಜು, ಬೇಕಾದವರು 'ಎಕ್ಸ್' ಹಚ್ಚಿ ತಮ್ಮದೇ ಸಾಲು ಸೇರಿಸಿಕೊಳ್ಳಬಹುದು ಎಂದು ಜಾಗ ಬಿಟ್ಟಿತು. ಕನ್ನಡದ ಪತ್ರ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದು ಬೀಳುತ್ತಿದ್ದ ದಿನಗಳಲ್ಲಿ, ತಪ್ಪು ಯಾವ ತಂತ್ರಾಂಶದ್ದು ಎಂದು ಹಿಡಿಯಲು ನಾನೂ ಈ ಸಾಲನ್ನೇ ನೋಡಿದ್ದೇನೆ. ಆದರೆ ಹಳೆಯ ಆವೃತ್ತಿಯ ಹೆಸರನ್ನು ಹೊತ್ತು ತಿರುಗುವುದೆಂದರೆ, ಹಿತ್ತಿಲ ಬಾಗಿಲಿನ ಚಿಲಕ ಸಡಿಲಾಗಿದೆ ಎಂದು ಕಳ್ಳನಿಗೆ ನಾವೇ ಹೇಳಿಕಳಿಸಿದ ಹಾಗೆ.

ಇನ್ನೊಂದು ಪ್ರಸಂಗ. ಘಟ್ಟದ ಮೇಲಿನ ಒಂದು ಸಂಘಕ್ಕೆ ಅನಾಮಧೇಯ ದೂರು ಬಂತು. ಹೊಸ ವಿಳಾಸ, ಹೆಸರಿಲ್ಲ, ಭಾಷೆಯಲ್ಲೂ ಸುಳಿವಿಲ್ಲ. ಹೆಡರಿನ ಸಮೇತ ಮುದ್ರಿಸಿದ ಪ್ರತಿಯನ್ನು ನನ್ನ ಮುಂದಿಟ್ಟು "ಯಾರಿರಬಹುದು?" ಅಂದರು. ಪತ್ರ ಬರೆದ ತಂತ್ರಾಂಶ ತಂಡರ್‌ಬರ್ಡ್, ಕಾರ್ಯವ್ಯವಸ್ಥೆ ಲಿನಕ್ಸ್ ಎಂದು ಹೆಡರಿನಲ್ಲಿ ಸ್ಪಷ್ಟವಾಗಿತ್ತು. ಆ ಸೀಮೆಯಲ್ಲಿ ಲಿನಕ್ಸ್ ಹಾಕಿಕೊಂಡವನು ನನಗೆ ಗೊತ್ತಿದ್ದ ಹಾಗೆ ಒಬ್ಬನೇ. ದೂರಿನಲ್ಲಿ ಬರೆದದ್ದು ನ್ಯಾಯವಾಗಿಯೇ ಇತ್ತು. "ಇದರಿಂದ ಎಂತದೂ ತಿಳಿಯುವುದಿಲ್ಲ" ಎಂದು ಕಾಗದ ಮಡಚಿ ಕೊಟ್ಟೆ. ಸುಳ್ಳು ಹೇಳಿದೆ, ಹೌದು.

ಕಂಪ್ಯೂಟರುಗಳ ನಡುವಿನ ಸಾರ್ವಜನಿಕ ಚರ್ಚಾಜಾಲವಾದ ಯೂಸ್‌ನೆಟ್‌ನ ನ್ಯೂಸ್‌ಗ್ರೂಪುಗಳಲ್ಲಿ ಕತೆ ಇನ್ನೂ ಬಿಗಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1979ರಲ್ಲಿ ಯೋಚಿಸಿದ್ದು ಅದು. ಪರದೇಶಕ್ಕೆ ಹೋದ ಕನ್ನಡಿಗರಿಗೂ ಅಲ್ಲಿ 'ಸೋಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ' ಎಂಬ ಜಗಲಿ ಇತ್ತು. ಇ-ಮೇಲ್ ಒಬ್ಬರ ಪೆಟ್ಟಿಗೆಗೆ ಹೋಗುತ್ತದೆ. ಯೂಸ್‌ನೆಟ್‌ನಲ್ಲಿ ಬರೆದದ್ದು ಜಗತ್ತಿಗೆಲ್ಲ ನಕಲಾಗಿ ಹೋಗುತ್ತಿತ್ತು. ಜೊತೆಗೆ 'ಎನ್‌ಎನ್‌ಟಿಪಿ-ಪೋಸ್ಟಿಂಗ್-ಹೋಸ್ಟ್' ಎಂಬ ಸಾಲಿನಲ್ಲಿ ಬರೆದವರ ಕಂಪ್ಯೂಟರಿನ ಹೆಸರೋ, ಇಂಟರ್ನೆಟ್ಟಿನಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸವೋ ಇರುತ್ತಿತ್ತು. ನಾಲ್ಕು ದಿನಕ್ಕೆ ಅಳಿಸಿಹೋಗುತ್ತದೆ ಎಂದು ಬರೆದವರು ನೆಮ್ಮದಿಯಾಗಿದ್ದರು. 1995ರಲ್ಲಿ ಡೇಜಾ ನ್ಯೂಸ್ ಎಂಬ ಹುಡುಕುತಾಣ ಬಂದು ಎಲ್ಲವನ್ನೂ ಕೂಡಿಟ್ಟಿತು, 2001ರಲ್ಲಿ ಆ ಕಣಜವನ್ನು ಗೂಗಲ್ ಕೊಂಡಿತು. ಇಪ್ಪತ್ತರ ಹರೆಯದಲ್ಲಿ ಆಡಿದ ಜಗಳ, ಬಳಸಿದ ತಂತ್ರಾಂಶದ ಹೆಸರಿನ ಸಮೇತ, ಕೂದಲು ನರೆತ ಮೇಲೂ ಹುಡುಕಿದರೆ ಸಿಗುವಂತಾಯಿತು. ಕೂಡಿಡಬೇಡಿ ಎನ್ನಲು 'ಎಕ್ಸ್-ನೋ-ಆರ್ಕೈವ್' ಎಂಬ ಸಾಲು ಇತ್ತೇನೋ ನಿಜ, ಬರೆಯುವಾಗಲೇ ಅದು ಗೊತ್ತಿರಬೇಕಲ್ಲ!

ಈಗ ಜಿಮೇಲನ್ನು ಬ್ರೌಸರಿನಲ್ಲಿ ತೆರೆದು ಬರೆದರೆ ನಿಮ್ಮ ಐಪಿ ವಿಳಾಸ ಹೊರಗೆ ಹೋಗುವುದಿಲ್ಲ. ತಂಡರ್‌ಬರ್ಡ್ ಬಳಸುವವರು ಅದರ ಕಾನ್ಫಿಗ್ ಎಡಿಟರಿನಲ್ಲಿ ಯೂಸರ್-ಏಜೆಂಟ್ ಸಾಲನ್ನು ನಿಲ್ಲಿಸಬಹುದು. ಆ ಲಿನಕ್ಸ್ ಹುಡುಗನಿಗೆ ನಾನು ಇಷ್ಟನ್ನೇ ಹೇಳಿದ್ದು, ಸಂತೆಯಲ್ಲಿ ಸಿಕ್ಕಾಗ, ಯಾಕೆಂದು ಹೇಳದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಚಹ ಕುಡಿಸಿದ.

ಭಾವನಿಂದ ಮೊನ್ನೆ ಮತ್ತೆ ಪತ್ರ ಬಂದಿದೆ. ಈ ಸಲವೂ ರಜೆ ಇಲ್ಲವಂತೆ. ಹೆಡರಿನಲ್ಲಿ +0400 ಎಂದೇ ಇದೆ. ಆದರೆ ಫೋನಿನ ಗಡಿಯಾರವನ್ನು ಕೈಯಾರೆ ದುಬೈಗೆ ಕಟ್ಟಿಹಾಕುವುದೇನು ದೊಡ್ಡ ವಿದ್ಯೆಯಲ್ಲ. ಅಕ್ಕ ಅಕ್ಕಿ ನೆನೆಹಾಕಿದ್ದಾಳೆ.